ಮಾರಿತ್ ಉಟ್ಟು ಬಂದ ಕಂಗಾ

ಮಾರಿತ್ ಫಿನ್ಲೆಂಡಿನಿಂದ ದಾರ್ ಎಸ್ ಸಲಾಮಿನ ನಮ್ಮ ಪುಟ್ಟ ಹೆರಿಗೆ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಬಂದು ಮೂರು ವಾರವಾಗಿತ್ತು. ವಯಸ್ಸು ಹತ್ತೊಂಬತ್ತು. ಬಂದ ದಿನವೇ, "ಸಿಸ್ಟರ್, ನಾನು ಹೆರಿಗೆ ಮಾಡಿಸೋದು ಯಾವಾಗ?" ಎಂದು ಕೇಳಿದ್ದಳು. ಅವಳನ್ನು ಕರೆತಂದ ಸಂಸ್ಥೆಯ ಕಿಸಾಂಗ ಹಾಗೆಂದು ಮಾತು ಕೊಟ್ಟಿದ್ದನಂತೆ. ನಾನು ಅವಳ ಕೈಗೆ ಪೊರಕೆ ಕೊಟ್ಟೆ. ಇಪ್ಪತ್ತೆರಡು ವರ್ಷದಿಂದ ಹೆರಿಗೆ ಮಾಡಿಸುತ್ತಿರುವ ನರ್ಸ್ ನಾನು. ಕಲಿಯದ ಕೈಯನ್ನು ಯಾವ ಹೆಂಗಸಿನ ಹತ್ತಿರಕ್ಕೂ ಬಿಟ್ಟವಳಲ್ಲ.

ಹುಡುಗಿ ಮುಖ ಊದಿಸಿಕೊಂಡಳು, ಆದರೂ ಗುಡಿಸಿದಳು. ಬೆಳಿಗ್ಗೆ ಏಳಕ್ಕೆ ದಲದಲ ಎಂಬ ಬಾಡಿಗೆ ವ್ಯಾನಿನಲ್ಲಿ ಜೋತುಬಿದ್ದು ಬರುವಳು. ಕೂಸುಗಳನ್ನು ತೂಗುವಳು, ಹತ್ತಿ ಸುತ್ತಿಡುವಳು. ಹತ್ತಕ್ಕೆ ನಮ್ಮ ಜೊತೆಯಲ್ಲೇ ಶುಂಠಿ ಚಹಾ, ಚಪಾತಿ.

ಆ ಸೋಮವಾರ ಅವಳು ಪ್ಯಾಂಟಿನ ಮೇಲೆ ಹೊಸ ಕಂಗಾ ಸುತ್ತಿಕೊಂಡು ಬಂದಾಗ ಬಾಣಂತಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಗಾ ಎಂದರೆ ಇಲ್ಲಿಯ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ; ಅದರ ಅಂಚಿನಲ್ಲಿ ಒಂದು ಮಾತು ಅಚ್ಚಾಗಿರುತ್ತದೆ. ನಮ್ಮ ಹೆಂಗಸರು ಮೊದಲು ಅದನ್ನು ಓದುತ್ತಾರೆ, ಬಣ್ಣ ಆಮೇಲೆ. ಸವತಿಗೆ, ಅತ್ತೆಗೆ, ಪಕ್ಕದ ಮನೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಉಟ್ಟು ಹೇಳುತ್ತಾರೆ. ಇವಳೋ, ಹಳದಿ ಚೆನ್ನಾಗಿದೆ ಎಂದು ಕೊಂಡು ತಂದಿದ್ದಳು.

"ಏನು ಬರೆದಿದೆ ಸಿಸ್ಟರ್?"

"ನಿನ್ನನ್ನ ಇಲ್ಲಿಗೆ ಕರೆದೋರು ಯಾರು, ಅಂತ."

ಅವಳ ಮುಖ ಕೆಂಪಾಯಿತು. "ನನ್ನನ್ನೇ ಕೇಳೋ ಹಾಗಿದೆಯಲ್ಲ."

"ಹೂಂ, ಕೇಳ್ಕೋ."

ನನ್ನ ಮಾತು ಸ್ವಲ್ಪ ಒರಟಾಯಿತು. ಆದರೆ ಅವಳು ಕಂಗಾ ಬಿಚ್ಚಲಿಲ್ಲ. ಅವತ್ತೂ, ಮರುದಿನವೂ ಅದನ್ನೇ ಸುತ್ತಿಕೊಂಡು ಗುಡಿಸಿದಳು. ಆಗಲೇ ಅವಳು ನನಗೆ ಇಷ್ಟವಾದದ್ದು.

ಗುರುವಾರ ಮಧ್ಯಾಹ್ನ ಮ್ವಾಜುಮಾ ಎಂಬವಳಿಗೆ ತಿಣುಕುವ ಹೊತ್ತು ಬಂದಿತ್ತು. ಚೊಚ್ಚಲು. ಅಷ್ಟರಲ್ಲಿ ಕಿಸಾಂಗ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಹೆರಿಗೆ ಕೋಣೆಯ ಹೊಸ್ತಿಲಿಗೇ ಬಂದು ನಿಂತ.

"ಸಿಸ್ಟರ್ ರೆಹೇಮಾ, ಇವತ್ತು ಮಾರಿತ್ ಮಗು ಹಿಡೀಲಿ. ನೀವು ಪಕ್ಕದಲ್ಲಿದ್ರೆ ಸಾಕು. ನಮ್ಮ ಸಂಸ್ಥೆಗೆ ಎರಡು ಫೋಟೊ ಬೇಕು."

"ಮ್ವಾಜುಮಾನ ಕೇಳಿದ್ರಾ?"

"ಅವಳೇನು ಬೇಡ ಅಂತಾಳಾ?"

ಅನ್ನುವುದಿಲ್ಲ. ನನಗೆ ಉರಿದದ್ದೇ ಅದು. ಬೇಡವೆಂದರೆ ಎದ್ದು ಹೋಗು ಎಂದಾರೆಂದು ಹೆದರಿ ಅವಳು ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ಮಾಡಿದ್ದಳು.

"ಆಗಲ್ಲ," ಎಂದೆ.

"ಮೇಲಿನವರ ಹತ್ರ ಮಾತಾಡ್ತೀನಿ. ನಾಳೆ ನೀವು ಇಲ್ಲಿರಲ್ಲ ಸಿಸ್ಟರ್."

"ನಾಳೆದು ನಾಳೆ ನೋಡೋಣ. ಇವತ್ತು ಇದ್ದೀನಲ್ಲ, ಆಚೆ ನಡೀರಿ."

ಅವನು ಮಾರಿತ್ ಕಡೆ ತಿರುಗಿದ. "ಗ್ಲೌಸ್ ಹಾಕ್ಕೊಳಮ್ಮ. ಇದಕ್ಕೇ ತಾನೆ ನೀನು ಬಂದಿದ್ದು?"

ಇದಕ್ಕೇ ಬಂದಿದ್ದಳು, ಸುಳ್ಳಲ್ಲ. ಗ್ಲೌಸಿನ ಡಬ್ಬಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಮ್ವಾಜುಮಾಳ ಒಂದು ಕಾಲು ಹಿಡಿದಿದ್ದ ನಾನು ಆ ಕಡೆ ಓಡಿ ತಡೆಯುವಂತೆಯೂ ಇರಲಿಲ್ಲ.

ಮಾರಿತ್ ಮ್ವಾಜುಮಾಳ ಬೆನ್ನನ್ನು ನೋಡಿದಳು. ಆಮೇಲೆ ಸೊಂಟದ ಕಂಗಾ ಬಿಚ್ಚಿ, ಎರಡು ತುದಿ ಹಿಡಿದು, ತೋಳೆತ್ತಿ ಬಾಗಿಲಿಗೆ ಅಡ್ಡ ನಿಂತಳು. ಬರಹವನ್ನು ಕಿಸಾಂಗನ ಕಡೆಗೇ ತಿರುಗಿಸಿದ್ದಳು.

"ಓದಿ," ಎಂದಳು ತನ್ನ ಹರಕು ಸ್ವಾಹಿಲಿಯಲ್ಲಿ.

ಅವನು ಓದಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಅವನ ಪರವಾಗಿ ಗಟ್ಟಿಯಾಗಿ ಓದಿದರು. ಒಂದು ಸಲವಲ್ಲ, ಮೂರು ಸಲ.

"ನಮ್ಮ ಸಂಸ್ಥೆ ಕೊಡೋ ಸರ್ಟಿಫಿಕೇಟ್ ಹೋಯ್ತು ಅಂದ್ಕೋ ನೀನು!" ಎನ್ನುತ್ತಾ ಕಿಸಾಂಗ ಗೇಟಿನತ್ತ ಹೋದ.

ಇಪ್ಪತ್ತು ನಿಮಿಷದಲ್ಲಿ ಮ್ವಾಜುಮಾ ಹೆಣ್ಣು ಹೆತ್ತಳು. ಕೂಸು ಅತ್ತಾಗಲೂ ಮಾರಿತ್ ತಿರುಗಿ ನೋಡಲಿಲ್ಲ; ಎತ್ತಿದ ತೋಳನ್ನೂ ಇಳಿಸಲಿಲ್ಲ. ನಾನು ಕೂಸನ್ನು ತಾಯಿಯ ಎದೆಯ ಮೇಲಿಟ್ಟೆ. ನಾಳೆ ನನ್ನ ಕೆಲಸ ಇರುತ್ತದೋ ಇಲ್ಲವೋ, ಆ ಗಳಿಗೆಯಲ್ಲಿ ಅದರ ಚಿಂತೆ ನನಗೆ ಹತ್ತಲಿಲ್ಲ.

ಮ್ವಾಜುಮಾ ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

"ಸಿಸ್ಟರ್, ಆ ಹುಡುಗೀನ ಒಳಗೆ ಕರೀರಿ," ಎಂದಳು. "ನಾನು ಕರೆದೆ ಅಂತ ಹೇಳಿ."