ಕೊಟ್ರಯ್ಯನನ್ನು ಕೂರಿಸಿದ ದಿನ

“ಯಮನ ಕೋಣದ ಎರಡೂ ಕೊಂಬು ಹಿಡಿದು ಹೊಳಿತನಕ ಎಳಕೊಂಡು ಹೋಗಿ ಮುಳುಗಿಸಿ ಬಂದೆ. ಮ್ಯಾಲ ಕುಂತಿದ್ದ ಯಮ, ನನಗ ಈಜು ಬರಂಗಿಲ್ಲಂತ ಅತ್ತುಬಿಟ್ಟ” ಎನ್ನುತ್ತ ಹೊನ್ನೂರಸ್ವಾಮಿ ಗುದ್ದಲಿಯನ್ನು ನೆಲಕ್ಕೆ ಇಳಿಸಿದ.

ಮೊಣಕಾಲುದ್ದದ ಕುಣಿಯಿಂದ ಮಣ್ಣು ಹಾರಿ ಎರ್ರಿಯಪ್ಪನ ಕಾಲ ಬಳಿ ಬಿತ್ತು. ಎರ್ರಿಯಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಮಣ್ಣಿಗಲ್ಲ, ಅದನ್ನು ಎಸೆದ ಕೈಗೆ ಹೆದರಿ.

“ಹಂಗಾದ್ರ ಅಯ್ನೋರು ಯಾಕ ಸತ್ರಲೇ?”

“ಇನ್ನೊಂದು ಕೋಣ ಹೊಡಕೊಂಡು ಬಂದ. ಅಷ್ಟೊತ್ತಿಗೆ ಹೊತ್ತು ಹುಟ್ಟಿತ್ತು. ನಾನೂ ಮನುಷ್ಯಾನ, ದಣಿವಾಗಿತ್ತು.”

ಹೊನ್ನೂರಸ್ವಾಮಿ ಅಲ್ಲಿಯತನಕ ಹೇಳಿದ ಸುಳ್ಳುಗಳನ್ನೆಲ್ಲ ಪೇರಿಸಿದ್ದರೆ ಅವುಗಳ ಮುಂದೆ ಹೇಮಕೂಟದ ಗುಡ್ಡ ಗೆದ್ದಲ ಹುತ್ತದಂತೆ ಕಾಣುತ್ತಿತ್ತು. ಒಮ್ಮೆ ಸೀನಿದಾಗ ಸಂಡೂರಿನ ಗುಡ್ಡ ಒಂದು ಗೇಣು ಆಚೆ ಸರಿದಿತ್ತಂತೆ. ದರೋಜಿಯ ಕರಡಿಯೊಂದಕ್ಕೆ ಕ್ಷೌರ ಮಾಡಿ ಕಳಿಸಿದ್ದನಂತೆ. ಬೇರೆ ದಿನವಾಗಿದ್ದರೆ ಹಟ್ಟಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಎಲ್ಲರೂ ದೂರದ ಬಂಡೆಗಳ ಮರೆಯಲ್ಲಿ ಮೂಗಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದರು. ಅತ್ತರೆ ಬಾಯಿ ತೆರೆಯಬೇಕಾಗುತ್ತದೆಂದು ಯಾರೂ ಅಳುತ್ತಲೂ ಇರಲಿಲ್ಲ.

ನಾಲ್ಕು ದಿನದ ಜ್ವರದಲ್ಲಿ, ಎಲ್ಲರೂ ಅಯ್ನೋರು ಎನ್ನುತ್ತಿದ್ದ ಕೊಟ್ರಯ್ಯನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ಅದಕ್ಕೂ ಮುಂಚೆ ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿಗೆ ಒಂದು ಇಲಿ ಸತ್ತು ಬಿದ್ದಿತ್ತು. ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೆಳಿಗ್ಗೆ ಹೊನ್ನೂರಸ್ವಾಮಿ “ಅಯ್ನೋರು ಹ್ವಾದ್ರು” ಎಂದು ಕೂಗಿದ್ದೇ ತಡ, ಹಟ್ಟಿ ಬಿಟ್ಟು ಹೋಗಲು ನಾಲ್ಕು ಬಂಡಿ ಹೂಡಿ ನಿಂತವು. ಆಗ ಅವನೇ ದಾರಿಗೆ ಅಡ್ಡಲಾಗಿ ಕೈ ಚಾಚಿ ಕೊಟ್ರಯ್ಯನ ಕೊನೆಯ ಮಾತು ಹೇಳಿದ್ದ: “ಯಾರೂ ಹೋಗಬ್ಯಾಡ್ರಿ. ಒಲಿ ಆರಿಸಬ್ಯಾಡ್ರಿ.”

ಬಂಡಿಗಳು ಹೊರಡಲಿಲ್ಲ. ಎತ್ತುಗಳ ಕೊರಳಿನಿಂದ ನೊಗ ಮಾತ್ರ ಇಳಿದಿರಲಿಲ್ಲ.

“ಖರೇನ ಹಂಗಂದ್ರಾ?” ಎರ್ರಿಯಪ್ಪ ಕೇಳುತ್ತಿರುವುದು ಇದು ಐದನೆಯ ಸಲ. “ನನಗ ನಾಲ್ಕು ಕೂಸು ಅದಾವಲೇ. ನಿನ್ನ ಬಾಯಿ ನಂಬಿ ನಿಂತೀನಿ.”

“ಅಂದ್ರು. ನನ್ನ ಕೈಯಾಗ ಕೈ ಇಟ್ಟು ಅಂದ್ರು.”

ಹಾಗೆನ್ನುತ್ತ ಹೊನ್ನೂರಸ್ವಾಮಿ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಎಡಗಂಕುಳನ್ನು ಒತ್ತಿ ನೋಡಿಕೊಂಡ. ಬೆಳಗಿನಿಂದ ಇದು ನೂರನೆಯ ಸಲ. ಗಡ್ಡೆ ಇರಲಿಲ್ಲ. ಇನ್ನೊಂದು ಗಳಿಗೆಗೆ ಏಳಬಹುದು.

*

ಎರಡು ವರ್ಷದ ಹಿಂದೆ ಹೊಸಪೇಟೆಗೆ ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ರೋಗ ಇಳಿದು ಎಲ್ಲರೂ ವಾಪಸು ಹೊರಟರೂ ಕೊಟ್ರಯ್ಯ ಹೊರಡಲಿಲ್ಲ. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿಕೊಂಡಿದ್ದ ಬಡಕಲು ಮನುಷ್ಯ. ಸಂತೆಯಲ್ಲಿ ಕಂಡರೆ ಯಾರಿಗೂ ನೆನಪಿನಲ್ಲಿ ಉಳಿಯುವ ಮುಖವಲ್ಲ. ಔಷಧಿ ತರಲು ಅವನು ಬಳ್ಳಾರಿಗೆ ಹೋಗಿದ್ದ ಮೂರು ದಿನದಲ್ಲಿ, ಜ್ವರ ಬಂದು ಮಲಗಿದ್ದ ಅವನ ಹೆಂಡತಿಯ ಬಾಗಿಲನ್ನು ಆ ಓಣಿಯಲ್ಲಿ ಒಬ್ಬರೂ ತೆರೆದು ನೋಡಿರಲಿಲ್ಲ.

“ಆ ಊರಿಗೆ ಮತ್ತ ಯಾಕ ಹೋಗಬೇಕು?” ಎಂದು ಅವನು ಗುಡಿಸಲಿಂದ ಗುಡಿಸಲಿಗೆ ಹೋಗಿ ಕೇಳಿದ. ಮೆಲ್ಲಗೇ ಕೇಳಿದ. ಒಪ್ಪಿದವರು ಆರು ಮನೆಯವರು: ಒಬ್ಬ ನೇಕಾರ, ಒಬ್ಬ ಬಡಗಿ, ಎರ್ರಿಯಪ್ಪನೂ ಸೇರಿ ಮೂವರು ಬೇಸಾಯದವರು, ಮತ್ತು ಬಾಯಿ ಬಿಟ್ಟರೆ ಬೇರೆ ಕಸುಬಿಲ್ಲದ ಹೊನ್ನೂರಸ್ವಾಮಿ. ಕಂಪ್ಲಿಯ ದಾರಿಯಲ್ಲಿ, ಹೊಳೆದಂಡೆಯ ಬಂಡೆಗಳ ನಡುವೆ ನೆಲ ಹಸನು ಮಾಡಿದರು. ತಮ್ಮ ಜೋಳ ತಾವೇ ಬೆಳೆಯುವುದು, ತಮ್ಮ ಬಟ್ಟೆ ತಾವೇ ನೇಯುವುದು. ಸಂತೆಯಿಂದ ಬರಬೇಕಾದದ್ದು ಉಪ್ಪು ಮತ್ತು ಕಬ್ಬಿಣ, ಎರಡೇ. ಎಲ್ಲ ಜಾತಿಗೂ ಸೇರಿ ಒಂದೇ ಒಲೆ. ಸುತ್ತಲಿನವರು ಅದನ್ನು ಒಂದೊಲೆ ಹಟ್ಟಿ ಎಂದು ಕರೆದು, ಆ ಕಡೆಗೆ ಉಗುಳಿ ಮುಂದೆ ಹೋಗುತ್ತಿದ್ದರು.

ಒಲೆಗೆ ಮೊದಲ ಬೆಂಕಿ ಹಚ್ಚಿದ ದಿನ ಕೊಟ್ರಯ್ಯ ಒಂದೇ ಒಂದು ಮಾತಿಗೆ ಎಲ್ಲರ ಆಣೆ ಕೇಳಿದ.

“ಬ್ಯಾನಿ ಬಿದ್ದೋರನ್ನ ಒಬ್ಬರನ್ನೇ ಬಿಡಬಾರದು. ಪಾಳಿ ಹಚ್ಚಿ ಯಾರಾರ ಪಕ್ಕದಾಗ ಕುಂದ್ರಬೇಕು. ಯಾವ ಬ್ಯಾನಿ ಆದ್ರೂ.”

ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕೈ ಚಾಚಿದವನು ಹೊನ್ನೂರಸ್ವಾಮಿ. “ಅಯ್ನೋರ, ನಿಮ್ಮ ಪಕ್ಕ ನಾ ಕುಂದ್ರತೀನಿ. ಪಿಳೇಗು ನನ್ನ ಮೀಸಿ ನೋಡಿದ್ರ ಗುಂತಕಲ್ಲಿಗೆ ರೈಲು ಹತ್ತತೈತಿ.”

ಕೊಟ್ರಯ್ಯ ನಕ್ಕಿದ್ದ. ಹೆಂಡತಿ ಸತ್ತ ಮೇಲೆ ಅದೇ ಮೊದಲು.

*

“ಹೊನ್ನೂರಾ, ಬಾ ಇಲ್ಲಿ. ಒಬ್ಬಾಕಿ ಕೈಲಿ ಆಗವಲ್ದು.”

ಗುಡಿಸಲಿನೊಳಗಿನಿಂದ ಕೂಗಿದವಳು ಕೊಟ್ರಯ್ಯನ ಅಕ್ಕ ನೀಲಗಂಗಮ್ಮ. ಗಂಡ ಸತ್ತ ಮೇಲೆ ಕಂಪ್ಲಿಯಿಂದ ಬಂದು ಹಟ್ಟಿ ಸೇರಿದವಳು. ಮೂರು ದಿನ ತಮ್ಮನ ಪಕ್ಕ ಕಣ್ಣು ಮುಚ್ಚದೆ ಕುಳಿತು, ನಿನ್ನೆ ಸಂಜೆ ಪಾಳಿಯನ್ನು ಹೊನ್ನೂರಸ್ವಾಮಿಗೆ ಕೊಟ್ಟು ಬೇರೆ ಗುಡಿಸಲಲ್ಲಿ ಒರಗಿದ್ದಳು. ಈ ಹಟ್ಟಿಯ ಹೆಣಕ್ಕೆ ಹೊರಗಿನ ಯಾವ ಅಯ್ಯನೂ ಬರುವುದಿಲ್ಲವೆಂದು ತಾನೇ ಕ್ರಿಯೆಗೆ ನಿಂತಿದ್ದಳು.

ಲಿಂಗ ಕಟ್ಟಿಕೊಳ್ಳುವ ಅವರ ಜನರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಧ್ಯಾನಕ್ಕೆ ಕೂತಂತೆ ಕುಣಿಯಲ್ಲಿ ಕೂರಿಸಬೇಕು. ಜೀವ ಹೋದ ಗಳಿಗೆಯಲ್ಲೇ ಮಡಿಸಿದರೆ ಕಾಲು ಮಗುವಿನ ಕಾಲಿನ ಹಾಗೆ ಬಾಗುತ್ತದೆ.

ಹೊನ್ನೂರಸ್ವಾಮಿ ಹೊಸ್ತಿಲಲ್ಲೇ ನಿಂತ. ನೀಲಗಂಗಮ್ಮ ಕಂಬಳಿ ಸರಿಸಿದ್ದಳು. ಕೊಟ್ರಯ್ಯ ಒಂದು ಕೈಯನ್ನು ಬಾಗಿಲ ಕಡೆಗೆ ಚಾಚಿ ಅಂಗಾತ ಬಿದ್ದಿದ್ದ. ಕೈಯೂ ಕಾಲೂ ಮರದ ಕೊರಡಾಗಿದ್ದವು.

“ಯಾವಾಗ ಹೋದ ಅಂದಿ?”

“ಈಗ... ಹೊತ್ತು ಹುಟ್ಟಿದ ಮ್ಯಾಲ.”

“ಹೊತ್ತು ಇನ್ನಾ ಒಂದು ಮಾರು ಏರಿಲ್ಲ.” ಅವಳ ದನಿ ಏರಲಿಲ್ಲ. “ಗಂಡನ್ನ, ಅತ್ತಿ ಮಾವನ್ನ ಇದೇ ಕೈಲೆ ಕುಂದ್ರಿಸೀನಿ. ಹಿಂಗ ಕೊರಡಾಗಬೇಕಂದ್ರ ಒಂದು ರಾತ್ರಿ ಬೇಕು. ನನ್ನ ತಮ್ಮ ನಿನ್ನೆ ದೀಪ ಹಚ್ಚೋ ಹೊತ್ತಿಗೇ ಹೋಗ್ಯಾನ. ನೀ ಪಕ್ಕದಾಗಿದ್ರ ಕಾಲು ಯಾಕ ಮಡಸಲಿಲ್ಲ?”

ಹೊನ್ನೂರಸ್ವಾಮಿ ಬಾಯಿ ತೆರೆದ. ಹತ್ತು ಮಂದಿ ಯಮದೂತರು, ಅವರು ತನ್ನ ಕೈಕಾಲು ಕಟ್ಟಿ ಕೆಡವಿದ್ದು, ತಾನು ಹಲ್ಲಿನಿಂದ ಹಗ್ಗ ಕಡಿದದ್ದು, ಇಡೀ ಕತೆ ನಾಲಿಗೆಯ ತುದಿಗೆ ಬಂದು ನಿಂತಿತು. ಬೆನ್ನ ಹಿಂದೆ ಎರ್ರಿಯಪ್ಪ ಬಂದಿದ್ದ. ಅವನ ಹಿಂದೆ, ದೂರದಲ್ಲಿ, ಹಟ್ಟಿಯ ಉಳಿದ ಮಂದಿ ಕಿವಿಯಾಗಿದ್ದರು.

“ಹೇಳು” ಎಂದಳು ನೀಲಗಂಗಮ್ಮ.

“ನಾ ಇರಲಿಲ್ಲ ಅವ್ವಾ. ನೀವು ಹ್ವಾದ ಮ್ಯಾಲ ವಾಂತಿ ಮಾಡಿಕೊಂಡ್ರು. ನನ್ನ ಕೈ ಮ್ಯಾಲ ಬಿತ್ತು. ಓಡಿಹೋಗಿ ಬಣವಿ ಹಿಂದ ಕುಂತೆ. ಬೆಳಗಾಗೋತನ ಒಳಗ ಬರಲಿಲ್ಲ. ಬಾಗಲಾಗ ನಿಂತು ಅವರ ಮ್ಯಾಲ ಕಂಬಳಿ ಒಗದೆ, ಅಷ್ಟ.”

“ಮತ್ತ ಒಲಿ ಆರಿಸಬ್ಯಾಡ್ರಿ ಅಂದಿದ್ದು?” ಎರ್ರಿಯಪ್ಪ ಕೇಳಿದ.

“ನಾ ಹುಟ್ಟಿಸಿದ್ದು. ನೀವೆಲ್ಲ ಹ್ವಾದ್ರ, ನಾಳಿ ನನಗ ಗಡ್ಡಿ ಎದ್ರ, ನನ್ನ ಪಕ್ಕ ಯಾರು ಕುಂದ್ರತಾರಂತ ಅಂಜಿಕಿ ಆತು.”

“ಅಯ್ನೋರು ಏನೂ ಅನ್ನಲಿಲ್ಲೇನು?”

ಹೊನ್ನೂರಸ್ವಾಮಿ ಬಾಗಿಲ ಕಡೆಗೆ ಚಾಚಿದ್ದ ಆ ಕೈಯನ್ನು ನೋಡಿದ. ಅವನ ಆಯುಷ್ಯದಲ್ಲಿ ಇಷ್ಟು ಸಣ್ಣ ಮಾತನ್ನು ಅವನು ಆಡಿಯೇ ಇರಲಿಲ್ಲ.

“ನೀರು ಅಂದ್ರು. ನನಗ ಕೇಳಿಸ್ತು.”

ಹೊರಗೆ ಒಂದು ಬಂಡಿಯ ಗಾಲಿ ಕಲ್ಲಿನ ಮೇಲೆ ಉರುಳಿತು. ಆಮೇಲೆ ಇನ್ನೊಂದರದು. ಎರ್ರಿಯಪ್ಪ ಒಳಗೂ ಬರಲಿಲ್ಲ, ಬಂಡಿಯ ಕಡೆಗೂ ಹೋಗಲಿಲ್ಲ.

ನೀಲಗಂಗಮ್ಮ ಬೈಯಲಿಲ್ಲ. ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲನ್ನು ಅವನ ಕಡೆಗೆ ತಳ್ಳಿದಳು. ಹೊನ್ನೂರಸ್ವಾಮಿ ಹೊಸ್ತಿಲು ದಾಟಿ, ಮೊಣಕಾಲೂರಿ, ಎರಡೂ ಕೈಗೆ ಎಣ್ಣೆ ಬಳಿದುಕೊಂಡು ಕೊಟ್ರಯ್ಯನ ಕಾಲು ಮುಟ್ಟಿದ. ತಣ್ಣಗಿತ್ತು. ತಿಕ್ಕಿದ. ತಿಕ್ಕುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮೊಣಕಾಲು ಲಟಕ್ಕೆಂದು ಬಾಗಿತು, ಆಮೇಲೆ ಇನ್ನೊಂದು. ಅಕ್ಕ ತಮ್ಮನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದಳು. ಕೊಟ್ರಯ್ಯ ಎದ್ದು ಕೂತ, ಹಾಗೇ ಮುಂದಕ್ಕೆ ವಾಲಿದ, ಅವನ ಹಣೆ ಬಂದು ಹೊನ್ನೂರಸ್ವಾಮಿಯ ಭುಜಕ್ಕೆ ಆತುಕೊಂಡಿತು. ಹೊನ್ನೂರಸ್ವಾಮಿಯ ಹಲ್ಲು ಕಟಕಟ ಕಡಿಯುತ್ತಿದ್ದವು. ಆ ಹಣೆಯನ್ನು ಅವನು ಸರಿಸಲಿಲ್ಲ.