ಚೀಲದ ತೂಕ

ಹೋಟೆಲೊಂದರ ಸಿಬ್ಬಂದಿಗೆ ಹದಿನಾಲ್ಕು ವೇಸ್ಟ್‌ಕೋಟು ಹೊಲಿದು ಶುಕ್ರವಾರದೊಳಗೆ ಕೊಡಬೇಕಾಗಿದ್ದ ವಾರದಲ್ಲಿ, ಗಿನಿಪಿಗ್ ಒಂದಕ್ಕೆ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಊಟ ಮಾಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ವರ್ಷದಲ್ಲಿ ಐವತ್ತೆರಡು ವಾರಗಳಿವೆ. ಕಾಯಿಲೆ ಬೀಳಲು ಅದಕ್ಕೆ ಬೇರೆ ವಾರ ಸಿಗಲಿಲ್ಲ.

ಅದರ ಹೆಸರು ಕಾಲರ್. ಮೈಯೆಲ್ಲ ಕಂದು, ಕುತ್ತಿಗೆಗೆ ಮಾತ್ರ ಬಿಳಿ ಪಟ್ಟಿ. ಹೆಸರಿಟ್ಟವಳು ನನ್ನ ಒಂಬತ್ತು ವರ್ಷದ ಮಗಳು. ಅವಳನ್ನು ಮನೆಯಲ್ಲಿ ಜಡ್ಜಮ್ಮ ಅನ್ನುತ್ತೇವೆ, ಯಾಕೆಂದರೆ ಸಾಕ್ಷಿ ಇಲ್ಲದೆ ಅವಳು ಯಾರ ಮಾತನ್ನೂ ನಂಬುವುದಿಲ್ಲ. ಹಾಗಾಗಿದ್ದಕ್ಕೆ ಕಾರಣ ನಾವೇ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಬೇರೊಂದು ಗಿನಿಪಿಗ್ ಇತ್ತು. ಅವಳು ಸ್ಕೂಲಿಗೆ ಹೋಗಿದ್ದ ಒಂದು ಬೆಳಗ್ಗೆ ಅದು ಸತ್ತುಹೋಯಿತು. ಸಂಜೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅದೇ ಬಣ್ಣದ ಇನ್ನೊಂದನ್ನು ತರಲು ಗಂಡನನ್ನು ಅಟ್ಟಿದವಳು ನಾನೇ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಎರಡು ಕಟ್ಟಡಗಳ ಮಧ್ಯೆ ಬಿಡುವು ಮಾಡಿಕೊಂಡು ಮೂರು ಅಂಗಡಿ ಸುತ್ತಿ ತಂದರು. ಜಡ್ಜಮ್ಮ ಮೂರು ದಿನ ಸುಮ್ಮನೆ ನೋಡಿದಳು. ನಾಲ್ಕನೆಯ ದಿನ, "ಅದರ ಎಡಗಿವಿ ಹರಿದಿತ್ತಲ್ಲ, ಎಲ್ಲಿ ಹೋಯ್ತು?" ಅಂದಳು. "ವಾಸಿಯಾಯ್ತು ಪುಟ್ಟ" ಅಂದೆ ನಾನು. ಅಂದರೆ, ಒಂದು ಸುಳ್ಳು ಸಾಲದು ಅಂತ ಇನ್ನೊಂದನ್ನೂ ಸೇರಿಸಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಹೊಸದಕ್ಕೆ ಕಾಲರ್ ಅಂತ ಹೊಸ ಹೆಸರಿಟ್ಟು ಪ್ರಾಣದಂತೆ ನೋಡಿಕೊಂಡಳು. ಅಂದಿನಿಂದ ನಾನು "ಅಡುಗೆ ಆಯ್ತು" ಅಂದರೂ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾಳೆ.

ಕಾಲರ್ ಯಾರ ಮಾತಿಗೂ ಸೊಪ್ಪು ಹಾಕುವ ಪ್ರಾಣಿಯಲ್ಲ. ಅದಕ್ಕೆ ನಾವು ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕುತ್ತಿದ್ದೆವು ಅನ್ನುವುದು ಬೇರೆ ಮಾತು. ಹಿಂದಿನ ಶುಕ್ರವಾರ ಅದು ಸೊಪ್ಪು ಮೂಸಿ ಹಿಂದೆ ಸರಿಯಿತು. ಶನಿವಾರ ಒಣಹುಲ್ಲನ್ನೂ ಮುಟ್ಟದೆ, ಗಲ್ಲವೆಲ್ಲ ಜೊಲ್ಲು ಮಾಡಿಕೊಂಡು ಮೂಲೆಯಲ್ಲಿ ಮುದುಡಿ ಕೂತಿತು. ಪಶುವೈದ್ಯೆಯ ಹತ್ತಿರ ಓಡಿದೆವು. ದವಡೆ ಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿದೆ ಅಂದರು. ಅರಿವಳಿಕೆ ಕೊಟ್ಟು ಹಲ್ಲು ತೇಯ್ದರು.

"ಹಲ್ಲು ಸರಿಯಾಗಿದೆ" ಅಂದರು ಡಾಕ್ಟರು. "ಆದ್ರೆ ಬಾಯಿ ನೋವು ಇರೋವರೆಗೂ ಇದು ತಾನಾಗಿ ತಿನ್ನಲ್ಲ. ಹೊಟ್ಟೆ ಖಾಲಿ ಬಿಟ್ರೆ ಕರುಳು ಕೆಲಸ ನಿಲ್ಲಿಸುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ. ಈ ಪುಡಿ ಕಲಸಿ ಮೂರು ಗಂಟೆಗೊಂದು ಸಲ ಕುಡಿಸಿ. ಇವತ್ತು ಏಳುನೂರ ತೊಂಬತ್ತು ಗ್ರಾಂ ಇದೆ. ದಿನಾ ಒಂದೇ ಹೊತ್ತಿಗೆ ತೂಕ ನೋಡಿ. ಮುಖ ನೋಡಿ ಮೋಸ ಹೋಗ್ಬೇಡಿ, ಇವು ಕಾಯಿಲೆ ತೋರಿಸ್ಕೊಳ್ಳಲ್ಲ. ತೂಕ ಇಳಿದ್ರೆ ತಕ್ಷಣ ಫೋನ್ ಮಾಡಿ."

ಬಸ್ಸಿನಲ್ಲಿ ಬರುವಾಗ ಜಡ್ಜಮ್ಮ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು. "ದಿನಾ ಎಷ್ಟು ಅಂತ ಬೀರು ಬಾಗಿಲ ಮೇಲೆ ಬರೀಬೇಕು. ಕಮ್ಮಿ ಆದ್ರೂ ಬರೀಬೇಕು."

"ಬರೀತೀನಿ."

"ನಿಜವಾದ್ದು."

ಗಿನಿಪಿಗ್‌ಗೆ ಊಟ ಮಾಡಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ, ಮೊದಲು ಮೈಮೇಲಿನ ಒಳ್ಳೆ ಬಟ್ಟೆ ಬಿಚ್ಚಿಡಿ ಅನ್ನುತ್ತೇನೆ. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಂಡು, ಸೂಜಿಯಿಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ತೂರಿಸಿ, ಹಸಿರು ಗಂಜಿಯನ್ನು ಹನಿಹನಿಯಾಗಿ ಬಿಡಬೇಕು. ಅದು ಎರಡು ಹನಿ ನುಂಗುತ್ತದೆ. ಮೂರನೆಯದನ್ನು ಕೆನ್ನೆಯಲ್ಲಿ ಇಟ್ಟುಕೊಂಡು, ಇವಳು ಈಗ ಮೈಮರೆತಳು ಅಂತ ಖಾತ್ರಿಯಾದ ಮೇಲೆ ತಲೆ ಕೊಡವುತ್ತದೆ. ನನ್ನ ಕನ್ನಡಕಕ್ಕೆ, ಗೋಡೆಗೆ, ಒಂಬತ್ತನೆಯ ವೇಸ್ಟ್‌ಕೋಟಿನ ಎದೆಗೆ. ಒಂದು ಸುತ್ತು ಮುಗಿಯಲು ಮುಕ್ಕಾಲು ಗಂಟೆ. ಮುಗಿಸಿ, ಕೈ ತೊಳೆದು, ಮಿಷನ್ನಿನ ಮುಂದೆ ಕೂತು ಎರಡು ಜೇಬು ಹಚ್ಚುವಷ್ಟರಲ್ಲಿ ಮುಂದಿನ ಸುತ್ತು.

ನಮ್ಮ ಮನೆಯವರು ಬಾಗಿಲಿಗೆ ಒರಗಿ ನಿಂತು ಸಲಹೆ ಕೊಟ್ಟರು. "ಸ್ವಲ್ಪ ಮೇಲಕ್ಕೆ ಹಿಡಿ ಕಣೆ. ಒತ್ತಡ ಒಂದೇ ಸಮ ಇರ್ಬೇಕು."

"ನೀವೇ ಹಿಡೀರಿ ಹಾಗಾದ್ರೆ."

"ನನ್ನ ಕೈ ಒರಟು" ಅಂದರು. ಒರಟು ಕೈ ಕೆಲಸ ತಪ್ಪಿಸಿಕೊಳ್ಳಲು ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿದ್ದರೆ ನಾನೂ ಒರಟು ಕೈ ಬೆಳೆಸಿಕೊಳ್ಳುತ್ತಿದ್ದೆ.

ತೂಕ ನೋಡುವುದು ಇನ್ನೊಂದು ರಗಳೆ. ಬೆಳಗ್ಗೆ ಹತ್ತಕ್ಕೆ ಅಂತ ಹೊತ್ತು ಗೊತ್ತು ಮಾಡಿಕೊಂಡೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬೋಗುಣಿ ಇಟ್ಟು ಅದನ್ನು ಕೂರಿಸಿದರೆ, ಊಟಕ್ಕೆ ಶಕ್ತಿ ಇಲ್ಲದ ಪ್ರಾಣಿಗೆ ನೆಗೆಯಲು ಎಲ್ಲಿಲ್ಲದ ಶಕ್ತಿ ಬಂತು. ಬೋಗುಣಿ ನೆಲಕ್ಕೆ, ಅದು ಒಲೆಯ ಹಿಂದಕ್ಕೆ. ಹಿಡಿದು ತರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಹೊಲಿಗೆಯವಳ ಬುದ್ಧಿ ಹೊಲಿಗೆಗೇ ಓಡುತ್ತದೆ. ಉಳಿದಿದ್ದ ತೆಳು ಲೈನಿಂಗ್ ಬಟ್ಟೆಯಲ್ಲಿ ಕೊರಳಿಗೆ ದಾರ ಎಳೆಯುವಂಥ ಚೀಲ ಹೊಲಿದೆ. ಚೀಲ ಮೂವತ್ತು ಗ್ರಾಂ. ಒಳಗೆ ಹಾಕಿ ತೂಗಿ, ಮೂವತ್ತು ಕಳೆದು, ಭಾನುವಾರ ಬೀರು ಬಾಗಿಲ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ 788 ಅಂತ ಬರೆದೆ. ಎರಡು ಗ್ರಾಂ ತಾನೇ, ಪರವಾಗಿಲ್ಲ ಅಂದುಕೊಂಡೆ.

ಚೀಲದೊಳಗೆ ಅದು ನಡುಗುತ್ತಿತ್ತು. ಪಾಪ ಅನ್ನಿಸಿ ಸೋಮವಾರ ಫ್ಲಾನೆಲಿನ ಒಳಪದರ ಹಚ್ಚಿದೆ. ಮೂವತ್ತು ಕಳೆದು 792. ಮಂಗಳವಾರ ಅದು ಒದ್ದೆ ಮಾಡಿತು ಅಂತ ಹೊಸ ಚೀಲ ಹೊಲಿದೆ, ತಳಕ್ಕೆ ಎರಡು ಪದರ. ಮೂವತ್ತು ಕಳೆದು 797. ಬುಧವಾರ ಇನ್ನೊಂದು ಚೀಲ ಹೊಲಿದು, ತಳಕ್ಕೆ ಹತ್ತಿ ತುಂಬಿ, ಗಲ್ಲ ಊರಲು ಅಂಚಿಗೆ ಮೆತ್ತನೆಯ ಸುರುಳಿ ಕೂರಿಸಿ, ಕೊನೆಗೆ ಕಣ್ಣಿಗೆ ಚಂದ ಕಾಣಲಿ ಅಂತ ಬಣ್ಣದ ಪೈಪಿಂಗ್ ಪಟ್ಟಿ ಕೂಡ ಕೊಟ್ಟೆ. ವೇಸ್ಟ್‌ಕೋಟಿಗೆ ಇಲ್ಲದ ಪುರುಸೊತ್ತು ಅದಕ್ಕಿತ್ತು. ಮೂವತ್ತು ಕಳೆದು 803.

ಮಂಗಳವಾರ ಸಂಜೆ 797 ನೋಡಿದ ಜಡ್ಜಮ್ಮ ತಿಂಡಿ ತಿನ್ನುತ್ತ ಗುನುಗುತ್ತಿದ್ದಳು. "ಏಳು ಜಾಸ್ತಿ" ಅಂತ ಅಪ್ಪನಿಗೂ ಹೇಳಿದಳು. ಮುಚ್ಚಳ ತೆಗೆದು ನೋಡಲಿಲ್ಲ. ನನ್ನ ದಣಿವೆಲ್ಲ ಅಲ್ಲಿಗೇ ಇಳಿಯಿತು.

ಬುಧವಾರ ಮಧ್ಯಾಹ್ನ ಎರಡು ಗಂಟೆ. ಕತ್ತರಿ ಹುಡುಕುತ್ತ ಅಡುಗೆಮನೆಗೆ ಹೋದೆ. ತಕ್ಕಡಿಯನ್ನು ಆರಿಸಿರಲಿಲ್ಲ. ಅದರ ಮೇಲಿದ್ದ ಡಬ್ಬಿ ಎತ್ತಿ, ಕೈಯಲ್ಲಿದ್ದ ಖಾಲಿ ಚೀಲವನ್ನು ಅಲ್ಲೇ ಬಿಸಾಕಿದೆ. ಸುಮ್ಮನೆ ಕಣ್ಣು ಹಾಯಿತು. ಎಂಬತ್ತೆರಡು ಅಂತ ತೋರಿಸುತ್ತಿತ್ತು.

ಕಸದ ಡಬ್ಬಿಯ ಪಕ್ಕದಲ್ಲಿದ್ದ ಹಳೆಯ ಚೀಲಗಳನ್ನೂ ತಂದು ಒಂದೊಂದಾಗಿ ತೂಗಿದೆ. ನಲವತ್ತಾರು, ಅರವತ್ತು. ದಪ್ಪವಾಗುತ್ತಿದ್ದದ್ದು ನನ್ನ ಚೀಲ, ಗಿನಿಪಿಗ್ ಅಲ್ಲ. ಇಪ್ಪತ್ತು ವರ್ಷದಿಂದ ಬಟ್ಟೆ ಮುಟ್ಟಿ ನೋಡಿಯೇ ಇದು ಇಷ್ಟು ಭಾರ ಅಂತ ಹೇಳುವವಳು ನಾನು. ನನ್ನ ಕೈಯಾರೆ ದಪ್ಪ ಮಾಡಿದ ಚೀಲಕ್ಕೆ ಮೂರು ದಿನವೂ ಕಣ್ಣು ಮುಚ್ಚಿಕೊಂಡು ಮೂವತ್ತೇ ಕಳೆದಿದ್ದೆ. ಲೆಕ್ಕ ಸರಿಮಾಡಿದರೆ ಅದು ಆ ಬೆಳಗ್ಗೆ ಇದ್ದದ್ದು ಏಳುನೂರ ಐವತ್ತೊಂದು.

ಡಾಕ್ಟರಿಗೆ ಫೋನ್ ಮಾಡಿದೆ. "ಈಗಲೇ ತನ್ನಿ" ಅಂದರು. ಅವರು ಹೊಟ್ಟೆ ಒತ್ತಿ ನೋಡಿ, ಕಿವಿಗೆ ಸ್ಟೆತೊಸ್ಕೋಪ್ ಹಾಕಿಕೊಂಡು ಬಹಳ ಹೊತ್ತು ಕೇಳಿದರು. ಕರುಳು ನಿಧಾನವಾಗಿದೆ, ಗಾಳಿ ತುಂಬುತ್ತಿದೆ ಅಂದರು. ಒಂದು ಇಂಜೆಕ್ಷನ್ ಕೊಟ್ಟರು, ನೋವಿನ ಔಷಧಿ ಹೆಚ್ಚಿಸಿದರು.

"ಎರಡು ಗಂಟೆಗೊಂದು ಸಲ ಕುಡಿಸಿ. ಸೋಮವಾರವೇ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ."

"ಚೀಲ ಡಾಕ್ಟ್ರೇ" ಅಂದೆ. ಅವರು ಚೀಲ ಎತ್ತಿ ನೋಡಿದರು. ಪೈಪಿಂಗಿನ ಮೇಲೆ ಬೆರಳಾಡಿಸಿದರು.

"ಉಳಿಯುತ್ತಾ?"

"ಹೇಳಕ್ಕಾಗಲ್ಲ. ಎರಡು ದಿನ ನೋಡೋಣ."

ಮನೆಗೆ ಬಂದಾಗ ಮೂರೂವರೆ. ನಾಲ್ಕಕ್ಕೆ ಜಡ್ಜಮ್ಮ ಬರುತ್ತಾಳೆ. ಬೀರು ಬಾಗಿಲ ಮೇಲೆ 803 ಬೆಳ್ಳಗೆ ಕೂತಿತ್ತು. ಗಂಡನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಹಿಂದೆ ಲಿಫ್ಟಿನ ಸರಪಳಿಯ ಸದ್ದು.

"ಹಾಗೇ ಬಿಡೆ" ಅಂದರು. "ಒರೆಸಬೇಡ. ಇಂಜೆಕ್ಷನ್ ಕೊಟ್ಟಿದಾರಲ್ಲ, ನಾಲ್ಕು ದಿನದಲ್ಲಿ ಅದೇ ಅಲ್ಲಿಗೆ ಬರುತ್ತೆ. ಮಗುಗೆ ಯಾಕೆ ಸುಮ್ನೆ ಹೊಟ್ಟೆ ಉರಿಸೋದು?"

"ಬರದಿದ್ರೆ?"

"ಬರದಿದ್ರೆ ಆಗ ನೋಡ್ಕೊಳ್ಳೋಣ."

ನನಗೆ ಮೈಯೆಲ್ಲ ಉರಿಯಿತು. ಫೋನ್ ಕುಕ್ಕಿದೆ. ಉರಿಯಲು ಕಾರಣ ಅವರು ತಪ್ಪು ಹೇಳಿದರು ಅಂತಲ್ಲ. ಬಸ್ಸಿನಲ್ಲಿ ಪೂರ್ತಿ ದಾರಿ ನಾನು ಯೋಚಿಸುತ್ತ ಬಂದದ್ದೂ ಅದನ್ನೇ. ಒರೆಸುವ ಬಟ್ಟೆ ಒಂದು ಕೈಯಲ್ಲಿ, ಸೀಮೆಸುಣ್ಣ ಒಂದು ಕೈಯಲ್ಲಿ ಹಿಡಿದು ಆ ಬಾಗಿಲ ಮುಂದೆ ನಾನು ನಿಂತದ್ದು ಹತ್ತು ನಿಮಿಷವಾದರೂ ಆಗಿರಬೇಕು. ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಹೋದ ಸಲ ಕಿವಿ ಹಿಡಿದುಕೊಟ್ಟಿತ್ತು, ಈ ಸಲ ಹಿಡಿದುಕೊಡಲು ಏನೂ ಇಲ್ಲ. ಆದರೆ ಅದು ಸತ್ತರೆ, ದಿನಾ ತೂಕ ಏರುತ್ತಿದ್ದ ಪ್ರಾಣಿ ಇದ್ದಕ್ಕಿದ್ದಂತೆ ಯಾಕೆ ಸತ್ತಿತು ಅಂತ ಅವಳು ಕೇಳುತ್ತಾಳೆ. ಆಗ ನಾನು ಇನ್ನೊಂದು ಸುಳ್ಳು ಹೊಲಿಯಬೇಕು. ನನಗೆ ಹೆದರಿಕೆಯಾಯಿತು, ಯಾಕೆಂದರೆ ನಾನು ಆಗಲೇ ಅದರ ಅಳತೆ ತೆಗೆಯಲು ಶುರುಮಾಡಿದ್ದೆ.

ಬಾಗಿಲು ಒರೆಸಿದೆ. ನಾಲ್ಕೂ ದಿನದ್ದನ್ನು ಮತ್ತೆ ಬರೆದೆ. 788, 776, 767, 751.

ಜಡ್ಜಮ್ಮ ಬಂದು ಬ್ಯಾಗ್ ಇಳಿಸದೆಯೇ ಓದಿದಳು. ನಾನು ಚೀಲದ ಕಥೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ಚೀಲ ಕೇಳಿ ಇಸಿದುಕೊಂಡು, ತಾನೇ ತಕ್ಕಡಿಯ ಮೇಲಿಟ್ಟು ನೋಡಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡು ಗಂಟೆಗೆ."

"ಅಪ್ಪಂಗೆ?"

"ಮೂರೂವರೆಗೆ. ಹೇಳ್ಬೇಡ ಅಂದ್ರು. ನಂಗೂ ಹೇಳೋದು ಬೇಡ ಅನ್ನಿಸಿತ್ತು."

ಅವಳು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಾಲರ್ ಕಣ್ಣು ಅರ್ಧ ಮುಚ್ಚಿಕೊಂಡಿತ್ತು. "ನಾನು ಸ್ಕೂಲಲ್ಲಿದ್ದಾಗ ಏನಾದ್ರೂ ಆದ್ರೆ ಆಫೀಸಿಗೆ ಫೋನ್ ಮಾಡು" ಅಂದಳು. "ಸಂಜೆವರೆಗೂ ಕಾಯ್ಬೇಡ."

"ಮಾಡ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಸಂಜೆಯಿಂದ ಸಿರಿಂಜು ಅವಳ ಕೈಗೆ ಹೋಯಿತು. ಅವಳು ಸ್ಕೂಲಿಗೆ ಹೋದಾಗ ನನ್ನ ಕೈಗೆ. ಒರಟು ಕೈಯವರಿಗೆ ವೇಸ್ಟ್‌ಕೋಟು ಕೊಟ್ಟು ಗುಂಡಿ ಹಚ್ಚಲು ಕೂರಿಸಿದೆ. ಲಿಫ್ಟನ್ನೇ ನೇತುಹಾಕುವಷ್ಟು ಬಿಗಿಯಾಗಿ ಹಚ್ಚಿದರು. ಅರ್ಧ ಬಿಚ್ಚಿ ಮತ್ತೆ ನಾನೇ ಹಚ್ಚಬೇಕಾಯಿತು. ಗುರುವಾರ ಮೊದಲ ಚೀಲದ ಒಳಪದರ ಬಿಚ್ಚಿ, ಆ ತೆಳು ಚೀಲದಲ್ಲಿ ತೂಗಿದೆ. 748. ಬರೆದೆ. ಅದು ಗಂಜಿ ಉಗುಳುವುದನ್ನೂ ಬಿಟ್ಟಿತ್ತು. ಹನಿ ಬಿಟ್ಟರೆ ಬಾಯಲ್ಲಿ ಹಾಗೇ ನಿಲ್ಲುತ್ತಿತ್ತು. ಮೊದಲೆರಡು ದಿನ ನನ್ನ ಕನ್ನಡಕಕ್ಕೆ ಉಗುಳಿದ ಪ್ರಾಣಿ ಈಗ ಒಮ್ಮೆ ಉಗುಳಿದರೆ ಸಾಕು ಅಂತ ನಾನು ಬೇಡಿಕೊಳ್ಳುವ ಸ್ಥಿತಿ ಬಂತು.

ಶುಕ್ರವಾರ ಹತ್ತಕ್ಕೆ 749. ಹೋಟೆಲಿನವನು ಎರಡು ಸಲ ಫೋನ್ ಮಾಡಿ ಕೋಟು ಎಲ್ಲಿ ಅಂದ. ಮಧ್ಯಾಹ್ನ ಅಂದೆ. ಅದು ಸುಳ್ಳು, ಇನ್ನೂ ಮೂರು ಬಾಕಿ ಇದ್ದವು. ಹನ್ನೊಂದೂವರೆಗೆ ಮಿಷನ್ನಿನಲ್ಲಿ ಹನ್ನೆರಡನೆಯ ಕೋಟಿನ ಬೆನ್ನು ಹೊಲಿಯುತ್ತಿದ್ದಾಗ ಕರಕರ ಸದ್ದು ಬಂತು. ಮಿಷನ್ನಿಗೆ ಏನೋ ಸಿಕ್ಕಿಕೊಂಡಿತು, ಇದೊಂದು ಬಾಕಿ ಇತ್ತು ಅಂತ ಶಪಿಸುತ್ತ ಕಾಲು ತೆಗೆದೆ. ಮಿಷನ್ ನಿಂತರೂ ಸದ್ದು ನಿಲ್ಲಲಿಲ್ಲ.

ತಿರುಗಿ ನೋಡಿದೆ. ಕಾಲರ್ ಒಣಹುಲ್ಲಿನ ಒಂದು ಕಡ್ಡಿಯನ್ನು ಉದ್ದಕ್ಕೆ ಬಾಯೊಳಗೆ ಎಳೆದುಕೊಳ್ಳುತ್ತಿತ್ತು. ಅದು ಮುಗಿದ ಮೇಲೆ ಇನ್ನೊಂದು. ಒಂದು ವಾರ ನನ್ನ ಪ್ರಾಣ ಹಿಂಡಿದವನು, ಏನೂ ಆಗದವನಂತೆ ನನ್ನನ್ನೇ ನೋಡುತ್ತ ಅಗಿಯುತ್ತಿದ್ದ.

ಸ್ಕೂಲ್ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತೆ ಎತ್ತಿಕೊಂಡರು.

"ಮಗಳ ಹತ್ತಿರ ಮಾತಾಡ್ಬೇಕಿತ್ತು ಮೇಡಂ."

"ಪಾಠ ನಡೀತಿದೆ. ಏನು ವಿಷಯ?"

"ಮನೇಲಿ ಹುಷಾರಿಲ್ಲ."

"ಯಾರಿಗೆ?"

ಗಿನಿಪಿಗ್ ಅಂದರೆ ಫೋನ್ ಇಡುತ್ತಾರೆ. "ಮನೆಯವರಿಗೆ" ಅಂದೆ. ಅದೇನೂ ಸುಳ್ಳಲ್ಲ, ಕಾಲರ್ ಕೂಡ ಮನೆಯದೇ. ಗುಮಾಸ್ತೆಯ ದನಿ ಮೆತ್ತಗಾಯಿತು. ಕಾಯಿರಿ ಅಂದರು. ದೂರದಿಂದ ಬರುವ ಚಪ್ಪಲಿ ಸದ್ದು ಕೇಳಿಸಿತು, ಓಟದ ಸದ್ದಲ್ಲ. ಬೇಕಂತಲೇ ನಿಧಾನವಾಗಿ ಬರುತ್ತಿದ್ದಳು. ಗುಮಾಸ್ತೆ ಫೋನನ್ನು ಅವಳ ಕೈಗೆ ಕೊಟ್ಟರು.

"ಪುಟ್ಟ" ಅಂದೆ.

"ಸತ್ತೋಯ್ತಾ?"

"ಇಲ್ಲ. ಹುಲ್ಲು ತಿಂತಾ ಇದೆ. ತಾನೇ."

ನಾನು ನೆಲದ ಮೇಲೆ ಕೂತು ಫೋನನ್ನು ಪಂಜರದ ಕಂಬಿಗೆ ಹಿಡಿದೆ. ಕರಕರ, ಕರಕರ. ಮತ್ತೆ ಕಿವಿಗೆ ಇಟ್ಟುಕೊಂಡಾಗ ಆ ಕಡೆ ಅಳು ಶುರುವಾಗಿತ್ತು. ಬಿಕ್ಕಳಿಕೆಯಲ್ಲ, ಆಫೀಸಿನವರೆಲ್ಲ ಎದ್ದು ಬರುವಂಥ ದೊಡ್ಡ ಅಳು. ಫೋನ್ ಮೇಜಿಗೆ ಬಡಿದ ಸದ್ದಾಯಿತು, ಕುರ್ಚಿ ಎಳೆದ ಸದ್ದಾಯಿತು, ಗುಮಾಸ್ತೆ ಎತ್ತಿಕೊಂಡರು.

"ಏನಾಯ್ತಮ್ಮ? ಯಾರು ಹೋಗ್ಬಿಟ್ರು?"

"ಯಾರೂ ಹೋಗಿಲ್ಲ ಮೇಡಂ" ಅಂದೆ. "ಎಲ್ಲ ಸರಿಯಾಗಿದೆ."

"ಮತ್ತೆ ಮಗು ಯಾಕೆ ಇಷ್ಟು ಅಳ್ತಿದೆ? ನೀರು ಕೊಟ್ರೂ ಕುಡೀತಿಲ್ಲ. ನಾನು ಏನು ಸಮಾಧಾನ ಮಾಡ್ಲಿ?"

"ಸಮಾಧಾನ ಮಾಡ್ಬೇಡಿ" ಅಂದೆ. "ಸ್ವಲ್ಪ ಹೊತ್ತು ಅಳ್ಲಿ ಬಿಡಿ. ಎರಡು ವರ್ಷದಿಂದ ಅವಳು ಅತ್ತಿಲ್ಲ."