ಹಸಿರು ಅಂಚಿನ ಜೇಬು

ರಜೆ ಬಂತೆಂದರೆ ಮಕ್ಕಳಿಗೆ ಆಟ, ಟೈಲರ್ ಮನೆಯವರಿಗೆ ಕೈತುಂಬ ಕೆಲಸ. ಪ್ರಾರ್ಥನಾಲಯದವರು ನಡೆಸುವ ಶಾಲೆಯ ಸಮವಸ್ತ್ರವನ್ನೆಲ್ಲ ಹೊಲಿಯುವುದು ಅವರೇ. ಮುಂದಿನ ಕೋಣೆಯಲ್ಲಿ ಟೈಲರ್ ಕತ್ತರಿ ಆಡಿಸುತ್ತಿದ್ದ, ಹೆಂಡತಿ ಮೆಷಿನ್ ತುಳಿಯುತ್ತಿದ್ದಳು. ಅವಳ ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಗುಂಡಿ ಹಚ್ಚುತ್ತ, ಬೀದಿಯಲ್ಲಿ ಹೋಗುವ ಒಬ್ಬೊಬ್ಬರ ಮೇಲೂ ಒಂದೊಂದು ಮಾತು ಪೋಣಿಸುತ್ತಿದ್ದರು. ಹತ್ತು ವರ್ಷದ ಮಗಳು ತೆಳ್ಳಗಿದ್ದಾಳೆಂದು ಎಲ್ಲರ ಬಾಯಲ್ಲೂ ಅವಳ ಹೆಸರು ಸೂಜಿ. ಅವಳು ನೆಲದ ಮೇಲಿನ ತುಂಡು ಬಟ್ಟೆ ಆರಿಸಿ ಬೊಂಬೆಗೆ ಉಡಿಸುತ್ತಿದ್ದಳು.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಶುಲ್ಕ ಕಟ್ಟಲಾಗದ ಮಕ್ಕಳಿಗೆ ಸಹಾಯನಿಧಿಯಿಂದ ಶುಲ್ಕವನ್ನೂ ವರ್ಷಕ್ಕೊಂದು ಹೊಸ ಅಂಗಿಯನ್ನೂ ಕೊಡುತ್ತಿದ್ದರು. ಆದರೆ ಆ ಅಂಗಿಯ ಜೇಬಿಗೆ ಹಸಿರು ಪಟ್ಟಿಯ ಅಂಚು ಇರಬೇಕು. ದಾನ ಕೊಟ್ಟವರಿಗೆ ತಮ್ಮ ದಾನ ಕಣ್ಣಿಗೆ ಕಾಣಬೇಕಲ್ಲ ಎಂಬುದು ಸಮಿತಿಯ ಹಿರಿಯರ ಮಾತು. ಹನ್ನೊಂದು ವರ್ಷದಿಂದ ಆ ಅಂಚು ಹೊಲಿಯುತ್ತ ಬಂದಿದ್ದವಳು ಟೈಲರ್ ಹೆಂಡತಿಯೇ. ಬೆರಳಗಲದ ಪಟ್ಟಿ, ಎರಡು ಸಾಲು ಹೊಲಿಗೆ, ಮುಗಿಯಿತು. ಅದರಾಚೆ ಅವಳು ಯೋಚಿಸಿರಲಿಲ್ಲ.

ಶಾಲೆಯ ದಿನಗಳಲ್ಲಿ ಕೆಲವು ಮಕ್ಕಳು ಎದೆಯ ಮೇಲೆ ಕೈಯಿಟ್ಟುಕೊಂಡೇ ಅಂಗಡಿಯ ಮುಂದೆ ಹಾದುಹೋಗುತ್ತಿದ್ದವು. ಅತ್ತೆಗೆ ಅದನ್ನು ನೋಡುವುದೇ ಒಂದು ಸಂತೋಷ. ಎಂಥ ಭಕ್ತಿ ನೋಡು, ದಾರಿಯಲ್ಲೂ ದೇವರನ್ನು ಮರೆಯುವುದಿಲ್ಲ, ನಮ್ಮ ಸೂಜಿಯೋ ಮಂಗನ ಹಾಗೆ ಕೈ ಬೀಸಿಕೊಂಡು ಬರುತ್ತಾಳೆ ಎನ್ನುತ್ತಿದ್ದರು. ಸೊಸೆಯೂ ಹೌದೆಂದೇ ನಂಬಿದ್ದಳು.

ಈಚೆಗೆ ಜನ ಸಿದ್ಧ ಉಡುಪಿನ ಅಂಗಡಿಗೆ ಹೋಗುವುದು ಹೆಚ್ಚಾಗಿ, ಟೈಲರ್‌ಗೆ ಶಾಲೆಯ ಬಟ್ಟೆಯೊಂದೇ ಗತಿಯಾಗಿತ್ತು. ಸೂಜಿಯ ಶುಲ್ಕ ಒಂದು ವರ್ಷದಿಂದ ನಿಂತಿತ್ತು. ಬಾಕಿಯನ್ನೂ ಕಟ್ಟದೆ ಸಹಾಯಕ್ಕೆ ಅರ್ಜಿಯನ್ನೂ ಹಾಕದಿದ್ದರೆ ಶಾಲೆ ತೆರೆಯುವ ದಿನ ಹೆಸರು ತೆಗೆಯುತ್ತೇವೆಂದು ಕಾಗದ ಬಂತು. ಕಾಗದದ ಜೊತೆಗೆ ಅರ್ಜಿಯನ್ನೂ ಮಡಚಿಟ್ಟಿದ್ದರು.

ಅರ್ಜಿ ನೋಡಿದ್ದೇ ಅತ್ತೆಯ ಮುಖ ಗಂಟಾಯಿತು.

"ನಿಮ್ಮ ಮಾವ ದಾನ ಕೊಟ್ಟೋರು. ಅವರ ಹೆಸರು ಆ ಶಾಲೆ ಗೋಡೆ ಮೇಲೆ ಕೆತ್ತಿದಾರೆ. ಅದೇ ಗೋಡೆ ಕೆಳಗೆ ನನ್ನ ಮೊಮ್ಮಗಳು ಕೈ ಚಾಚಿ ನಿಲ್ಬೇಕಾ? ಬೇಕಾದ್ರೆ ನನ್ನ ಬಳೆ ಮಾರಿ."

ಬಳೆ ಹೋದ ವರ್ಷವೇ ಹೋಗಿದ್ದವು. ಅದು ಅತ್ತೆಗೂ ಗೊತ್ತಿತ್ತು. ಆದರೂ ಮಾತಿಗೊಂದು ತೂಕ ಬೇಕಲ್ಲ.

"ಅತ್ತೆ, ಕಷ್ಟದಲ್ಲಿರೋ ಮಕ್ಕಳು ಓದ್ಲಿ ಅಂತ ತಾನೇ ಮಾವ ಕೊಟ್ಟಿದ್ದು? ಆ ಕಷ್ಟ ಈಗ ನಮ್ಮನೆಗೇ ಬಂದಿದೆ. ಬೇರೆಯವರ ಮಕ್ಕಳು ತಗೊಂಡ್ರೆ ಪುಣ್ಯ, ನಮ್ಮದು ತಗೊಂಡ್ರೆ ಅವಮಾನ ಅಂದ್ರೆ ಹೇಗೆ?"

ಟೈಲರ್ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದ. ಕೊನೆಗೆ, ಯಾರ ಕಡೆಗೂ ನೋಡದೆ, ಅರ್ಜಿಗೆ ರುಜು ಹಾಕಿದ. ಅತ್ತೆ ಅಂದಿನಿಂದ ಮಾತು ಬಿಟ್ಟರು. ಗುಂಡಿ ಮಾತ್ರ ಹಚ್ಚುತ್ತಿದ್ದರು.

ಆದರೆ ತೊಡಕು ಬಂದದ್ದು ಸೂಜಿಯಿಂದ. ತಾಯಿ ಅವಳ ಅಳತೆ ತೆಗೆದುಕೊಳ್ಳಲು ಕರೆದಾಗ ಹುಡುಗಿ ಮೂಲೆ ಹಿಡಿದು ಕೂತುಬಿಟ್ಟಳು.

"ನಾನು ಶಾಲೆಗೆ ಹೋಗಲ್ಲ. ಹಸಿರು ಜೇಬು ಹಾಕ್ಕೊಳ್ಳಲ್ಲ."

"ಒಂದು ಪಟ್ಟಿ ಕಣೇ ಅದು. ಅಷ್ಟಕ್ಕೇ ಹೀಗಾ?"

"ಅಜ್ಜಿ ಭಕ್ತಿ ಅಂತಾರಲ್ಲ, ಅದು ಭಕ್ತಿ ಅಲ್ಲಮ್ಮ. ಅವರು ಜೇಬು ಮುಚ್ಕೊಳ್ಳೋದು. ಅವರನ್ನ ಎಲ್ರೂ ಹಸಿರು ಅಂತಲೇ ಕರೆಯೋದು. ಆಟಕ್ಕೆ ಸೇರಿಸ್ಕೊಳ್ಳಲ್ಲ."

"ನೀನೂ ಕರೀತಿದ್ಯಾ?"

ಸೂಜಿ ಬೊಂಬೆಯ ಬಟ್ಟೆಯ ಅಂಚು ಎಳೆಯುತ್ತ ಕೂತಳು. ಬಾಗಿಲ ಬಳಿ ಅತ್ತೆಯ ಕೈಯ ದಾರ ಅರ್ಧಕ್ಕೇ ನಿಂತಿತು.

ತಾಯಿ ಮೆಷಿನ್ನಿನ ಮುಂದೆ ಹೋಗಿ ಕೂತು ಲೆಕ್ಕ ಹಾಕಿದಳು. ವರ್ಷಕ್ಕೆ ನಲವತ್ತು ಅಂಗಿ, ಹನ್ನೊಂದು ವರ್ಷ. ಯಾವ ಮಗುವಿನ ಹೆಸರೂ ಅವಳಿಗೆ ಗೊತ್ತಿಲ್ಲ. ಆದರೆ ಅವುಗಳ ಕೈಯನ್ನು ಎದೆಯ ಮೇಲೆ ತಂದಿಟ್ಟದ್ದು ಈ ಮೆಷಿನ್ನಿನ ಸೂಜಿ, ಈ ದಾರ, ಈ ತನ್ನ ಕಾಲು. ಓದುಗರೇ, ಕೆಟ್ಟದ್ದನ್ನು ಮಾಡುವವರು ಯಾರೋ ದುಷ್ಟರು ಎಂದುಕೊಂಡಿರುತ್ತೇವೆ. ಎಷ್ಟೋ ಸಲ ಅದು ನಾವು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ ಕೆಲಸವೇ ಆಗಿರುತ್ತದೆ.

ಶಾಲೆ ತೆರೆಯುವ ಹಿಂದಿನ ದಿನ ಅವಳು ಅಂಗಿಗಳ ಗಂಟು ಹೊತ್ತು ಶಾಲಾ ಸಮಿತಿಯ ಕಾರ್ಯದರ್ಶಿಯ ಕೋಣೆಗೆ ಹೋದಳು. ಮೇಜಿನ ಮೇಲೆ ಗಂಟನ್ನಿಟ್ಟು, ಅದರ ಪಕ್ಕ ಬಿಚ್ಚದ ಹಸಿರು ಪಟ್ಟಿಯ ಸುರುಳಿಯನ್ನಿಟ್ಟಳು.

"ನಲವತ್ತು ಅಂಗಿ ಇದೆ ಸಾರ್. ಅಂಚು ಹೊಲ್ದಿಲ್ಲ, ಹೊಲಿಯೋದೂ ಇಲ್ಲ. ನಲವತ್ತೊಂದನೇದು ನನ್ನ ಮಗಳದ್ದು. ಅರ್ಜಿ ತಗೊಳ್ಳಿ."

ಕಾರ್ಯದರ್ಶಿ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿದರು.

"ಇದು ನಾನು ಮಾಡಿದ ನಿಯಮ ಅಲ್ಲಮ್ಮ. ಕೊಟ್ಟೋರು ಕೇಳ್ತಾರೆ, ನಮ್ಮ ದುಡ್ಡು ಎಲ್ಲಿಗೆ ಹೋಯ್ತು ಅಂತ."

"ಕೇಳಿದ್ರೆ ನಿಮ್ಮ ಪುಸ್ತಕ ತೆಗೆದು ತೋರಿಸಿ. ಮಕ್ಕಳ ಎದೆ ಯಾಕೆ ತೋರಿಸ್ತೀರಿ?"

ಅವರು ಸುರುಳಿಯನ್ನು ಒಮ್ಮೆ ಉರುಳಿಸಿ ನೋಡಿದರು. ಸಂಜೆಗೆ ಅಂಗಿ ಹಂಚಬೇಕು, ಬೆಳಗಾದರೆ ಶಾಲೆ. ಅಷ್ಟರೊಳಗೆ ಹೊಲಿದುಕೊಡುವ ಇನ್ನೊಬ್ಬ ಟೈಲರ್ ಎಲ್ಲಿ ಸಿಗಬೇಕು? ಬರುವ ವರ್ಷ ಬಟ್ಟೆಯೆಲ್ಲ ಬೇರೆಯವರ ಕೈಗೆ ಹೋಗಬಹುದೆಂದು ಎಚ್ಚರಿಸಿದರು. ಯೋಚನೆ ಮಾಡಿಯೇ ಬಂದಿದ್ದೇನೆ ಎಂದಳು. ಅವರು ಅರ್ಜಿಗೆ ಮೊಹರು ಒತ್ತಿ, ಹಸಿರು ಸುರುಳಿಯನ್ನು ಮೇಜಿನ ಕೆಳಗಿನ ಖಾನೆಗೆ ನೂಕಿದರು.

"ಸಮಿತಿಯಲ್ಲಿ ಕೇಳಿದ್ರೆ ನಿಮ್ಮ ಮೇಲೇ ಹಾಕಿ ಹೇಳ್ತೀನಿ ನೋಡಿ."

"ಹೇಳಿ ಸಾರ್."

ಮರುದಿನ ಸೂಜಿ ಮೊದಲೇ ಕೈ ಬೀಸಿಕೊಂಡು ಹೊರಟುಹೋದಳು. ಅತ್ತೆ ಎಂದಿನಂತೆ ಬಾಗಿಲ ಬಳಿ ಕೂತಿದ್ದರು. ಮಕ್ಕಳು ಗುಂಪು ಗುಂಪಾಗಿ ಹಾದುಹೋದವು. ಅವರು ಒಂದೊಂದೇ ಅಂಗಿಯ ಮೇಲೆ ಕಣ್ಣಾಡಿಸಿ, ಎಷ್ಟೋ ದಿನದ ಮೇಲೆ ಬಾಯಿ ತೆರೆದರು.

"ಇವರಲ್ಲಿ ಸಹಾಯದ ಮಕ್ಕಳು ಯಾರೇ?"

"ಗೊತ್ತಾಗಲ್ಲ ಅತ್ತೆ."

ಎಲ್ಲರ ಹಿಂದೆ ಒಂದು ಪುಟ್ಟ ಹುಡುಗಿ ಒಬ್ಬಳೇ ಬರುತ್ತಿದ್ದಳು. ಅಂಗಿ ಹೊಸದು, ಅಭ್ಯಾಸ ಹಳೆಯದು. ಬಲಗೈ ಎದೆಗೆ ಅಂಟಿಕೊಂಡೇ ಇತ್ತು. ಅತ್ತೆ ಮಡಿಲಲ್ಲಿದ್ದ ಬಟ್ಟೆ ಸರಿಸಿ, ಕುರ್ಚಿಯ ತೋಳು ಹಿಡಿದು ಎದ್ದು, ಎರಡು ಮೆಟ್ಟಿಲಿಳಿದು ಬೀದಿಗೆ ಬಂದರು.

"ಕೈ ಬಿಡು ಮಗೂ," ಎಂದರು. "ಅಲ್ಲೇನೂ ಇಲ್ಲ."